ರೊಟ್ಟಿ ಬಡಿಯುವ ಸಪ್ಪಳ

ನೀಲಪ್ಪನ ಅಂಗೈ ಹಿಟ್ಟಿನ ಮೇಲೆ ಗಾಳಿಯಲ್ಲೇ ನಿಂತಿತ್ತು. ಒಲೆಯ ಮೇಲೆ ಹಂಚು ಕಾದು ಹೊಗೆಯಾಡುತ್ತಿದ್ದರೂ ಎದುರಿಗೆ ಕೂತ ಹೆಂಡತಿ ಭಾರತಿ ಅವಸರ ಮಾಡಲಿಲ್ಲ. ಸೈನ್ಯದಿಂದ ನಿವೃತ್ತನಾಗಿ ತನ್ನೂರು ಪುರ್ತಗೇರಿಗೆ ಬಂದ ಮೇಲೆ, ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿದ್ದರೆ ಸಾಕು, ಅವನು ಗುಂಡಿನ ಸದ್ದೆಂದು ಬೆವೆತು ಮೂಲೆ ಹಿಡಿಯುತ್ತಿದ್ದ. ಎರಡು ವರ್ಷದಿಂದ ಅವಳು ಹಿಟ್ಟಿನ ಬುಟ್ಟಿ ಹೊತ್ತು ಪಕ್ಕದ ಓಣಿಯ ಅಕ್ಕನ ಮನೆಗೆ ಹೋಗಿ ರೊಟ್ಟಿ ಮಾಡಿ ತರುತ್ತಿದ್ದಳು.

"ಗುಳಿಗಿ ಅರ್ಧಾ ಕೆಲಸ ಮಾಡ್ತಾವ. ಇನ್ನರ್ಧಾ ನಿಮ್ಮ ಕೈಲೇ ಆಗಬೇಕ್ರಿ," ಎಂದಿದ್ದರು ದವಾಖಾನೆಯಲ್ಲಿ ಕೈಕೆಲಸದ ಚಿಕಿತ್ಸೆ ಕೊಡುವ ಮೇಡಂ. ಒಂದು ತಿಂಗಳು ಬರೀ ಹಿಟ್ಟು ನಾದಿಸಿ, ಇವತ್ತು ಮನೆಯಲ್ಲೇ ರೊಟ್ಟಿ ಬಡಿಯಲು ಹೇಳಿದ್ದರು.

ನೀಲಪ್ಪ ಕಣ್ಣು ಮುಚ್ಚಿ ಒಮ್ಮೆ ಬಡಿದ. ಮತ್ತೊಮ್ಮೆ ಬಡಿದ. ಸಪ್ಪಳ ತನ್ನ ಕೈಯಿಂದಲೇ ಹುಟ್ಟಿ, ತಾನು ಕೈ ಎತ್ತಿದಾಗ ನಿಲ್ಲುತ್ತಿತ್ತು. ಅದು ಗೊತ್ತಾದ ಮೇಲೆ ಕೈ ನಿಲ್ಲಲಿಲ್ಲ. ರೊಟ್ಟಿ ನಕಾಶೆಯ ಹಾಗೆ ಅಡ್ಡಾದಿಡ್ಡಿ ಹಬ್ಬಿ ಅಂಚು ಹರಿಯಿತು. ಭಾರತಿ ಬಾಯಿಗೆ ಸೆರಗು ಹಿಡಿದರೂ ನಗು ಉಕ್ಕಿ ಬಂತು.

"ನಗಬ್ಯಾಡ. ಈಗ ನೀ ಬಡಿ," ಎಂದು ಅವನು ಸರಿದು ಕೂತ.

ಅವಳ ನಗು ನಿಂತಿತು. ಹೊಸ ಉಂಡೆ ಇಟ್ಟು, ಮಗುವಿನ ಬೆನ್ನು ತಟ್ಟಿದಷ್ಟು ಮೆಲ್ಲಗೆ ತಟ್ಟಿದಳು. ನೀಲಪ್ಪನ ಬೆರಳುಗಳು ಮೊಣಕಾಲನ್ನು ಬಿಗಿಯಾಗಿ ಹಿಡಿದವು. ಆಮೇಲೆ ಒಂದೊಂದೇ ಸಡಿಲಾದವು.

"ಹಿಂಗ ಮೆತ್ತಗ ಬಡದ್ರ ರೊಟ್ಟಿ ದಪ್ಪ ಆಗ್ತೈತಿ," ಎಂದ ಅವನು. "ಜೋರ ಬಡಿ."