ರಕ್ತ ಕೊಡುವ ಕುರ್ಚಿ

"ನಿಮ್ಮದು ಏನೂ ಏರಿಲ್ಲಮ್ಮ," ಎಂದು ಡಾಕ್ಟರು ಮೊದಲ ರಕ್ತದ ರಿಪೋರ್ಟನ್ನು ಬದಿಗಿಟ್ಟರು. ಎರಡನೆಯದು ಮಗನದು. ಅದನ್ನು ಓದುತ್ತ ಅವರು ಕನ್ನಡಕ ತೆಗೆದು ಒರೆಸಿಕೊಂಡಾಗ ತಾಯಿ ಮೇಜಿನ ಮೇಲೆ ಬಾಗಿ ಆ ಹಾಳೆಯನ್ನೇ ನೋಡಿದಳು.

ಲಿವರಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಮೊದಲು ಇದ್ದದ್ದು ಅವಳಿಗೆ. ಹೆರಿಗೆಯಲ್ಲಿ, ಅವಳಿಗೇ ಗೊತ್ತಿಲ್ಲದಂತೆ, ಮಗನಿಗೂ ದಾಟಿತ್ತು. ಗೊತ್ತಾದಂದಿನಿಂದ ಇಬ್ಬರೂ ಜೊತೆಗೇ ಬಂದು ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. "ಅಮ್ಮ ಬರೆದುಕೊಟ್ಟ ಆಸ್ತಿ ಸಾರ್, ಕಂದಾಯ ಕಟ್ಟೋಕೆ ಬಂದ್ವಿ," ಎಂದು ಬಸ್ ಓಡಿಸುವ ಮಗ ಪ್ರತಿ ಸಲವೂ ಎಲ್ಲರನ್ನೂ ನಗಿಸುತ್ತಿದ್ದ.

"ಇವರ ರಕ್ತದಲ್ಲಿ ಎಎಫ್‌ಪಿ ಅನ್ನೋ ಅಂಶ ಏರಿದೆ. ಅದು ಏರಿದ್ರೆ ಮುಂದೆ ಲಿವರ್ ಕ್ಯಾನ್ಸರ್ ಬರೋ ಸಾಧ್ಯತೆ ಜಾಸ್ತಿ," ಎಂದರು ಡಾಕ್ಟರು. "ಸ್ಕ್ಯಾನ್‌ನಲ್ಲಿ ಸದ್ಯಕ್ಕೆ ಏನೂ ಕಾಣ್ತಿಲ್ಲ. ಇನ್ನೊಂದು ಸಲ ರಕ್ತ ನೋಡೋಣ."

"ಆಮೇಲೆ ಏನ್ಮಾಡೋದು ಸಾರ್?" ಎಂದು ತಾಯಿ ಕೇಳಿದಳು.

"ಕಾಯೋದು."

ಮಗ ಈ ಸಲ ಯಾರನ್ನೂ ನಗಿಸಲಿಲ್ಲ.

ನರ್ಸ್ ರಬ್ಬರ್ ಪಟ್ಟಿ ಹಿಡಿದು ಬರುವಷ್ಟರಲ್ಲಿ ತಾಯಿ ರಕ್ತ ಕೊಡುವ ಕುರ್ಚಿಯಲ್ಲಿ ಕೂತು, ರವಿಕೆಯ ತೋಳು ಮಡಚಿ, ಕೈ ಚಾಚಿ ಮುಷ್ಟಿ ಬಿಗಿದಿದ್ದಳು.

"ನಿಮ್ಮದು ಬೇಡಮ್ಮ, ಅವರದು ಬೇಕು."

"ನಂದೇ ತಗೊಳ್ಳಮ್ಮ. ಎಷ್ಟು ಬೇಕೋ ಅಷ್ಟು ತಗೋ."

"ಏಳಮ್ಮ," ಎಂದು ಮಗ ಮೆಲ್ಲಗೆ ಅವಳ ಭುಜ ಮುಟ್ಟಿದ.

ಅವಳು ಮುಷ್ಟಿಯನ್ನು ಇನ್ನಷ್ಟು ಬಿಗಿದಳು.