ಮೀನಿನ ಉಪವಾಸ

ಮೂರನೆಯ ಪುಟ್ಟಿ ಹಿಂಡಿ ಮೀನಿನ ಹೊಂಡಕ್ಕೆ ಬೀಳುವುದರಲ್ಲಿತ್ತು. ಅಷ್ಟರಲ್ಲಿ ರೇಣುಕಾ ಸ್ಕೂಟಿ ನಿಲ್ಲಿಸಿ ಓಡಿ ಬಂದು ಪಾಲಾಕ್ಷಪ್ಪನ ಕೈ ಹಿಡಿದಳು. ಮೀನು ಸಾಕುವವರಿಗೆ ಸಲಹೆ ಕೊಡಲು ಹರಪನಹಳ್ಳಿಯಿಂದ ತೆಲಿಗಿ ಕಡೆಗೆ ಬರುವ ಹುಡುಗಿ ಅವಳು. ನಾಲ್ಕು ದಿನದಲ್ಲಿ ಹನ್ನೊಂದು ಮೀನು ಸತ್ತಿವೆ, ಮೈಮೇಲೆ ಕೆಂಪು ಹುಣ್ಣು ಎದ್ದಿವೆ ಎಂದು ಪಾಲಾಕ್ಷಪ್ಪನೇ ಫೋನು ಮಾಡಿ ಗೋಗರೆದಿದ್ದ. ಬೆಳಕು ಹರಿಯುವಾಗಲೇ ನೋಡಬೇಕೆಂದು ಬಂದವಳಿಗೆ ಹೊಂಡದ ತುಂಬ ಬಾಯಿಗಳೇ ಕಂಡವು. ಕಾಟ್ಲಾ, ರೋಹು ಎನ್ನದೆ ಎಲ್ಲವೂ ನೀರಿನ ಮೇಲಕ್ಕೆ ಮೂತಿ ಚಾಚಿ ಬಾಯಿ ತೆರೆದು ಮುಚ್ಚುತ್ತಿದ್ದವು.

“ಕೈ ಬಿಡವ್ವಾ, ಹಸಿದಾವ,” ಎಂದ ಪಾಲಾಕ್ಷಪ್ಪ. “ಮೊದ್ಲು ಒಂದು ಪುಟ್ಟಿ ಸಾಕಾಗ್ತಿತ್ತು. ಈಗ ಮೂರು ಹಾಕಿದ್ರೂ ಬಾಯಿ ಮುಚ್ಚವಲ್ವು.”

“ಹಸಿವಲ್ರೀ ಅದು. ಮೋಡ ಮುಚ್ಚಿದ ದಿನ ನೀರಾಗ ಉಸಿರು ಸಾಲದಂಗಾಗಿ ಮ್ಯಾಲೆ ಬಂದಾವ.”

“ಮೂವತ್ತು ವರ್ಷ ಕುರಿ ಕಾದೀನಿ. ಬಾಯಿ ತೆರದ ಜೀವಕ್ಕ ಏನ್ ಬೇಕು ಅಂತ ನನಗ ಹೇಳ್ಕೊಡ್ತಿ ಏನು?”

ಮೊಣಕಾಲು ಕೈಕೊಟ್ಟ ಮೇಲೆ ಪಾಲಾಕ್ಷಪ್ಪ ಕುರಿ ಮಾರಿ ಈ ಹೊಂಡ ತೋಡಿಸಿದ್ದ. ಕೂತಲ್ಲೇ ಕಾಯಬಹುದಾದ ಹಿಂಡು ಇದೊಂದೇ ಎಂಬುದು ಅವನ ಲೆಕ್ಕ. ಇವೂ ಸತ್ತರೆ ಹೊಂಡ ಮುಚ್ಚಿ ಮೆಕ್ಕೆಜೋಳ ಹಾಕುವುದು ಎಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಮೆಕ್ಕೆಜೋಳ ಬೆಳಿಗ್ಗೆ ಎದ್ದು ಯಾರ ದಾರಿಯನ್ನೂ ಕಾಯುವುದಿಲ್ಲ. ಅವನ ಸಂಕಟವೆಲ್ಲ ಅದೇ.

ರೇಣುಕಾ ವಾದಕ್ಕೆ ನಿಲ್ಲಲಿಲ್ಲ. ಉದ್ದನೆಯ ಬಿದಿರು ಗಳ ತಂದು ಹೊಂಡದ ತಳಕ್ಕೆ ಇಳಿಸಿ ಕೆದರಿ ಎತ್ತಿದಳು. ತುದಿಗೆ ಕರ್ರಗಿನ ರಾಡಿ ಅಂಟಿ ಬಂತು. ಅದರ ನಾತಕ್ಕೆ ದಂಡೆಯ ಮೇಲಿದ್ದ ಓಬಮ್ಮ, ಪಾಲಾಕ್ಷಪ್ಪನ ಹೆಂಡತಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ನೀವು ಹಾಕಿದ ಹಿಂಡಿ ಹೊಟ್ಟಿಗೆ ಹೋಗಿಲ್ಲ, ಇಲ್ಲಿ ಕೊಳೆತೈತಿ. ಆ ಕೊಳೆ ಇವುಗಳ ಉಸಿರನ್ನ ತಾನೇ ನುಂಗಾಕತ್ತೈತಿ. ಹುಣ್ಣು ಏಳಾಕೂ ಇದೇ ಮೂಲ,” ಎಂದಳು ರೇಣುಕಾ. “ಮೂರು ದಿನ ಒಂದು ಕಾಳೂ ಹಾಕಬ್ಯಾಡ್ರಿ. ಬೋರಿನ ನೀರು ಮ್ಯಾಲಿಂದ ಚಿಮ್ಮಿಸಿ ಬಿಡ್ರಿ. ಸುಣ್ಣ ಎಷ್ಟು ಹಾಕ್ಬೇಕಂತ ನಾನು ಅಳದು ಕೊಡ್ತೀನಿ.”

“ಉಪವಾಸ ಕೆಡವು ಅಂತೀಯಾ? ರೋಗ ಬಂದ ಜೀವಾನ?” ಪಾಲಾಕ್ಷಪ್ಪ ಪುಟ್ಟಿಯನ್ನು ಎದೆಗೆ ಅವುಚಿಕೊಂಡ. ಅವನನ್ನೇ ಮೂರು ದಿನ ಉಪವಾಸ ಕೆಡವಿ ಎಂದಿದ್ದರೆ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಓಬಮ್ಮ ಮಾತ್ರ ಹಿಂಡಿ ಚೀಲವನ್ನು ಮನೆಗೆ ಹೊರಿಸಿ, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೊದಲ ದಿನ ಅವನು ಬೋರಿನ ನೀರು ಚಿಮ್ಮಿಸಿ ಬಿಟ್ಟು, ರೇಣುಕಾ ಅಳೆದು ಕೊಟ್ಟ ಸುಣ್ಣ ಹಾಕಿ, ಹೊಂಡಕ್ಕೆ ಬೆನ್ನು ತಿರುಗಿಸಿ ಕೂತ. ಎದುರಿಗೆ ಕೂತರೆ ಯಾವ ಮುಖ ಇಟ್ಟುಕೊಂಡು ಅವುಗಳನ್ನು ನೋಡುವುದು? ಎರಡನೆಯ ದಿನ ಬೆಳಿಗ್ಗೆ ಹೊರಟವನನ್ನು ಓಬಮ್ಮ ಹೊಸ್ತಿಲಲ್ಲೇ ತಡೆದಳು.

“ಕಿಸೆದಾಗ ಏನೈತಿ?”

“ಏನಿಲ್ಲ. ರೊಟ್ಟಿ. ನನಗ.”

“ಈಗ ನಾಲ್ಕು ತಿಂದು ಕೈ ತೊಳದಿ. ಇಲ್ಲಿ ತಾ.”

ಮೂರನೆಯ ದಿನ ದಂಡೆಗೆ ಹೋದ ಪಾಲಾಕ್ಷಪ್ಪ ಅಲ್ಲೇ ಕೂತುಬಿಟ್ಟ. ನೀರು ಸುಮ್ಮನೆ ಹರಡಿತ್ತು. ಒಂದು ಬಾಯಿಯೂ ಇರಲಿಲ್ಲ. ಓಬಮ್ಮ ಬಂದು ನೋಡಿದಾಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. “ನನ್ನ ಕೈಯಾರೆ ಕೊಂದೆ. ಒಂದು ಹಿಡಿ ಹಿಂಡಿಗೆ ಬಡತನ ಬಂದಿತ್ತಾ ನನಗ?” ಅವಳು ತಕ್ಷಣ ರೇಣುಕಾಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

“ಒಂದೂ ಕಾಣವಲ್ವು ನೋಡವ್ವಾ. ಎಲ್ಲಾ ಹೋದ್ವು ಅಂತ ಇವ ಅಳಾಕತ್ಯಾನ.”

“ಸತ್ರ ಮೀನು ತೇಲ್ತಾವ ಅಮ್ಮಾ. ಒಂದಾದ್ರೂ ತೇಲೈತೇನು?”

ಓಬಮ್ಮ ಹೊಂಡದ ನಾಲ್ಕೂ ಮೂಲೆ ನೋಡಿದಳು. “ಇಲ್ಲ.”

“ಹಂಗಾದ್ರ ನೀರೊಳಗ ಆರಾಮ ಅದಾವ. ಉಸಿರು ಸಿಕ್ಕೈತಿ, ಮ್ಯಾಲೆ ಬರೋ ಕೆಲಸಾನ ಇಲ್ಲ ಅವಕ್ಕ. ನಾಳಿಂದ ಅರ್ಧ ಪುಟ್ಟಿ ಹಾಕ್ರಿ, ಜಾಸ್ತಿ ಬ್ಯಾಡ.” ರೇಣುಕಾ ಫೋನು ಇಟ್ಟಳು.

ಅದಕ್ಕೆ ಸಾಕ್ಷಿ ಹೇಳುವಂತೆ ಹೊಂಡದ ನಡುವೆ ದಪ್ಪನೆಯ ಕಾಟ್ಲಾ ಒಂದು ಬಾಲ ಬಡಿದು ಒಳಗೆ ಹೋಯಿತು. ಪಾಲಾಕ್ಷಪ್ಪ ಕಣ್ಣೊರೆಸಿಕೊಂಡ. ಸಂತೋಷ ತಡೆಯಲಾಗಲಿಲ್ಲ, ನಾಚಿಕೆಯೂ ಆಯಿತು.

“ಆ ಹುಡುಗಿ ಅಂದಿದ್ದು ಖರೇ ಆತಲ್ಲ. ಅವಕ್ಕ ಬೇಕಾಗಿದ್ದು ಒಂದು, ನಾ ಹಾಕಿದ್ದು ಇನ್ನೊಂದು.”

“ಅವಕ್ಕಷ್ಟ ಅಲ್ಲ,” ಎಂದಳು ಓಬಮ್ಮ. ದನಿ ಏರಿರಲಿಲ್ಲ. “ಮದಿವ್ಯಾಗಿ ಮೂವತ್ತೆರಡು ವರ್ಷಾತು. ನಾ ಏನಾರ ಹೇಳಾಕ ಬಾಯಿ ತೆರದಾಗೊಮ್ಮೆ ಸಂತಿಗೆ ಓಡಿ ಮಿರ್ಚಿ ಬಜಿ, ಮಂಡಕ್ಕಿ ಕಟ್ಟಿಸ್ಕೊಂಡು ಬರ್ತಿ. ಬಿಸಿ ಐತಿ ತಿನ್ನು ಅಂತಿ. ಏನ್ ಹೇಳಾಕತ್ತಿದ್ದಿ ಅಂತ ಒಂದಿನಾನೂ ಕೇಳಲಿಲ್ಲ.”

ಪಾಲಾಕ್ಷಪ್ಪ ನೀರಿನಿಂದ ಅವಳ ಕಡೆಗೆ ತಿರುಗಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. “ಏನ್ ಹೇಳಾಕತ್ತಿದ್ದಿ?”

ಓಬಮ್ಮ ದಂಡೆಯ ಕಲ್ಲಿನ ಮೇಲಿನ ಮಣ್ಣು ಸೆರಗಿನಿಂದ ಝಾಡಿಸಿ ಕೂತಳು. ಪಕ್ಕದಲ್ಲಿ ಅವನಿಗೂ ಜಾಗ ತೋರಿಸಿದಳು.

“ಕುಂದ್ರು. ಮದಿವಿ ಮರುದಿನದಿಂದ ಸುರು ಮಾಡ್ತೀನಿ.”