ಪಕ್ಕೆಗೆ ಪ್ಯಾಚ್ ಇಲ್ಲ

ಮಗಳ ಎರಡನೆಯ ಜಡೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಹೊರಗಿನಿಂದ ಕಾವಲಿನ ಅಜ್ಜ ಕೂಗಿದ.

"ತಾಯೀ, ಟಿಪ್ಪರ್ ಮತ್ತೆ ಕೂತ್ಬಿಟ್ಟಿದೆ!"

ಬಾಚಣಿಗೆಯನ್ನು ಮಗಳ ಕೂದಲಲ್ಲೇ ಸಿಕ್ಕಿಸಿ ತಾಯಿ ಹೊರಗೆ ಬಂದಳು. ಮನೆಯೆದುರಿನ ಬಯಲಿನಲ್ಲಿ ಕಲ್ಲುಕ್ವಾರಿಯ ಟಿಪ್ಪರ್ ಎಡಕ್ಕೆ ವಾಲಿ ನಿಂತಿತ್ತು. ಮುಂದಿನ ಟೈರು ನೆಲಕ್ಕೆ ಅಂಟಿತ್ತು. ತಿಂಗಳಲ್ಲಿ ಇದು ಮೂರನೆಯದು.

ಡ್ರೈವರ್, ಅಂದರೆ ಅವಳ ಗಂಡ, ಆಗಲೇ ಅಲ್ಲಿದ್ದ. ಸೊಂಟದ ಮೇಲೆ ಕೈಯಿಟ್ಟು ಟೈರನ್ನೇ ನೋಡುತ್ತಿದ್ದ.

"ನಿನ್ನೆ ಕ್ವಾರಿಯಲ್ಲೇ ಕಲ್ಲು ತಾಗಿರ್ಬೇಕು," ಎಂದ.

"ಮೂರು ಸಲವೂನಾ?" ಎಂದಳು ಅವಳು.

ಅವನು ಕಾಲಿನಿಂದ ಟೈರನ್ನು ಒತ್ತಿ ನೋಡಿದ. ಎರಡು ತಿಂಗಳಿಂದ ಅವನ ಮಾತೇ ಅಷ್ಟು. ಆಗ ಅವನ ಜೊತೆಗಾರ ಡ್ರೈವರೊಬ್ಬ ಕ್ವಾರಿಯ ಇಳಿಜಾರಿನಲ್ಲಿ ಗಾಡಿ ಇಳಿಸುತ್ತಿದ್ದಾಗ ಚೂಪುಗಲ್ಲೊಂದು ಮುಂದಿನ ಟೈರಿನ ಪಕ್ಕೆಯನ್ನು ಸೀಳಿತ್ತು. ಗಾಡಿ ಅಂಚು ದಾಟಿ ಹೋಗಿತ್ತು. ಹಿಂದೆಯೇ ಇಳಿಯುತ್ತಿದ್ದ ಇವನು ಎಲ್ಲವನ್ನೂ ನೋಡಿದ್ದ. ಮಣ್ಣು ಮಾಡಿ ಬಂದ ಮರುದಿನವೇ ಕೆಲಸಕ್ಕೆ ಹೋದ. ಒಂದು ಹನಿ ಕಣ್ಣೀರಿಲ್ಲ. ಗಟ್ಟಿ ಗುಂಡಿಗೆ ಎಂದರು ಎಲ್ಲರೂ. ಮನೆಯಲ್ಲಿ ಮಾತ್ರ, ಉಪ್ಪು ಕಡಿಮೆಯಾಯಿತಾ ಎಂದು ಕೇಳಿದರೆ ಹೂಂ ಎನ್ನುತ್ತಿದ್ದ. ಹೆಚ್ಚಾಯಿತಾ ಎಂದರೂ ಹೂಂ. ಗಾಡಿ ನಿಂತ ದಿನ ಅವನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಅವಳು ಅದನ್ನು ಕಂಡಿದ್ದಳು. ಕಂಡು ಸುಮ್ಮನಿದ್ದಳು.

ಪಂಚರ್ ಅಂಗಡಿಯವನು ತನ್ನ ಪೆಟ್ಟಿಗೆ ಹೊತ್ತು ಬಂದ.

"ಅಕ್ಕಾ, ನಂಗೂ ಇಲ್ಲೇ ಒಂದು ಚಾಪೆ ಹಾಸಿಬಿಡಿ. ಬಂದು ಹೋಗೋ ಕಷ್ಟ ತಪ್ಪುತ್ತೆ."

ಯಾರೂ ನಗಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ಒಂದು ಕಡೆ ನಿಂತಿತು.

"ಹೋದ ಎರಡು ಸಲ ನೀವು ಕಲ್ಲು ಅಂದ್ರಿ, ನಾನೂ ಸರಿಯಾಗಿ ನೋಡ್ಲಿಲ್ಲ. ಇದು ಕಲ್ಲಲ್ಲ. ಕಲ್ಲಾದ್ರೆ ಹರಿಯುತ್ತೆ, ಅಂಚು ಚಿಂದಿ ಚಿಂದಿಯಾಗಿರುತ್ತೆ. ಇದು ಉಳಿ ಇಟ್ಟು ಸುತ್ತಿಗೇಲಿ ಹೊಡೆದಿದ್ದು. ಅದೂ ಪಕ್ಕೆಗೇ. ತಳಕ್ಕೆ ಮೊಳೆ ಹೊಕ್ಕಿದ್ರೆ ಅರ್ಧ ಗಂಟೇಲಿ ಪ್ಯಾಚ್ ಹಾಕಿ ಕಳಿಸ್ತಿದ್ದೆ. ಪಕ್ಕೆ ಹಾಗಲ್ಲ. ಗಾಡಿ ಉರುಳಿದಷ್ಟೂ ಉಬ್ಬುತ್ತೆ, ಕುಗ್ಗುತ್ತೆ. ಪ್ಯಾಚ್ ನಿಲ್ಲಲ್ಲ. ಹೊಸ ಟೈರೇ ಬರ್ಬೇಕು."

ಗಾಡಿಯ ಸ್ಟೆಪ್ನಿ ಚಕ್ರ ಮೊದಲ ಸಲವೇ ಖರ್ಚಾಗಿತ್ತು. ಹೊಸ ಟೈರು ಬರಲು ಎರಡು ದಿನ.

"ಚುಚ್ಚಿದೋನು ದಡ್ಡನಲ್ಲ," ಪಂಚರಿನವನು ಮುಂದುವರಿಸಿದ. "ಹಿಂದಿನ ಜೋಡಿ ಟೈರಲ್ಲಿ ಒಂದು ಹೋದ್ರೂ ಗಾಡಿ ಕುಂಟಿಕೊಂಡು ಹೋಗುತ್ತೆ. ಮುಂದಿನದು ಹೋದ್ರೆ ಮುಗೀತು. ಮತ್ತೆ, ಗಾಳಿ ತುಂಬಿದ ಟೈರಿಗೆ ಉಳಿ ಇಟ್ಟಿದ್ರೆ ಅವನ ಮುಖವೇ ಹಾರಿಹೋಗ್ತಿತ್ತು. ಮೊದಲು ಗಾಳಿ ಬಿಟ್ಟಿದಾನೆ." ವಾಲ್ವ್ ಮುಟ್ಟಿ ಫಕ್ಕನೆ ನಕ್ಕ. "ನೋಡಿ ಇಲ್ಲಿ! ಗಾಳಿ ಬಿಟ್ಟು, ಮುಚ್ಚಳ ವಾಪಸ್ ತಿರುಗಿಸಿ ಬಿಗಿ ಮಾಡಿದಾನೆ. ಇದು ಡ್ರೈವರ್ ಆಗಿದ್ದೋನ ಕೈ. ಬೇರೆಯವರಿಗೆ ಈ ಶಿಸ್ತು ಎಲ್ಲಿಂದ ಬರ್ಬೇಕು?"

ಎಲ್ಲರ ಕಣ್ಣುಗಳೂ ನಿಧಾನವಾಗಿ ಕಾವಲಿನ ಅಜ್ಜನತ್ತ ತಿರುಗಿದವು.

ಮಂಡಿ ಕೈಕೊಡುವವರೆಗೆ ಅಜ್ಜ ಇದೇ ಕ್ವಾರಿಯ ಡ್ರೈವರ್; ಈಗ ಈ ಬಯಲಿನಲ್ಲಿ ಗಾಡಿಗೆ ಕಾವಲು. ಮತ್ತೆ ಸ್ಟೀರಿಂಗ್ ಕೊಡಿ ಎಂದು ಹೋದ ತಿಂಗಳು ಮ್ಯಾನೇಜರನ್ನು ಕೇಳಿಕೊಂಡಿದ್ದ. ಮ್ಯಾನೇಜರ್ ನಕ್ಕು ಕಳಿಸಿದ್ದ.

"ಅಮ್ಮಾ, ಒಂದು ಕೇಳ್ಲಾ?" ಮಗಳು ಸೆರಗು ಎಳೆದಳು.

"ಆಮೇಲೆ ಪುಟ್ಟಾ."

ಮ್ಯಾನೇಜರ್ ಜೀಪಿನಿಂದ ಇಳಿದಾಗ ಬಿಸಿಲು ಏರಿರಲಿಲ್ಲ. ಪಂಚರಿನವನ ಮಾತು ಕೇಳಿಸಿಕೊಂಡ. ಗಾಡಿಗೆ ಒಂದು ಸುತ್ತು ಬಂದು ಅಜ್ಜನ ಎದುರು ನಿಂತ.

"ಸುತ್ತಿಗೆ ಸದ್ದು ಕೇಳ್ಲಿಲ್ವೇನಯ್ಯಾ ನಿನಗೆ?"

"ಬೆಳಿಗ್ಗೆ ಐದು ಗಂಟೆಗೆ ನೀರಿನ ಪಂಪ್ ಹಾಕ್ತೀನಿ ಸ್ವಾಮಿ. ಅದರ ಗದ್ದಲದಲ್ಲಿ ಏನು ಕೇಳುತ್ತೆ?"

"ಪಂಪ್ ಹಾಕೋನೂ ನೀನೇ, ಕಿವುಡನಾಗೋನೂ ನೀನೇ. ಚೆನ್ನಾಗಿದೆ."

"ಈ ಮಂಡಿ ಇಟ್ಕೊಂಡು ನೆಲಕ್ಕೆ ಹೇಗೆ ಕೂರ್ಲಿ ಸ್ವಾಮಿ?"

"ಕೆಲಸ ಕೇಳೋಕೆ ಬಂದಾಗ ಮಂಡಿ ಸರಿಹೋಯ್ತು ಅಂದಿದ್ದೆಯಲ್ಲ?" ಮ್ಯಾನೇಜರ್ ಕೈ ಚಾಚಿದ. "ಸೀಟಿ, ಟಾರ್ಚು ಕೊಡು. ಶೆಡ್ಡಿನಲ್ಲಿರೋ ಗಂಟೂ ಕಟ್ಕೋ."

ಬಯಲಿನಂಚಿನ ಆ ಶೆಡ್ಡೇ ಅಜ್ಜನ ಮನೆ. ಬೇರೆ ಸೂರಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಜ್ಜ ಕೊರಳಿನ ಸೀಟಿಯ ದಾರ ಬಿಚ್ಚತೊಡಗಿದ. ಗಂಟು ಬಿಚ್ಚಿಕೊಳ್ಳಲಿಲ್ಲ. ಅವನು ಡ್ರೈವರ್ ಕಡೆ ತಿರುಗಿದ.

"ಮಗಾ, ನಿನಗೆ ಗಾಡಿ ಕಲಿಸ್ದೋನು ನಾನು. ನಾನು ಟೈರ್ ಚುಚ್ತೀನೇನೋ? ನೀನಾದ್ರೂ ಒಂದು ಮಾತು ಹೇಳೋ."

ಡ್ರೈವರ್ ಟೈರಿನತ್ತ ತಿರುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಮರುಕವೂ ಕಾಣಲಿಲ್ಲ. ಖಾಲಿ ಗೋಡೆಯ ಹಾಗಿತ್ತು.

"ರೀ, ಏನಾದ್ರೂ ಹೇಳ್ರೀ. ವಯಸ್ಸಾದವರು ಎಲ್ಲಿಗೆ ಹೋಗ್ತಾರೆ?" ಎಂದಳು ತಾಯಿ.

"ನಾನೇನು ಹೇಳ್ಲಿ," ಎಂದ ಅವನು, ಟೈರಿಗೆ ಹೇಳುವಂತೆ.

ಅಜ್ಜ ದಾರವನ್ನು ತಲೆಯ ಮೇಲಿಂದ ಎಳೆದು ತೆಗೆದು ಸೀಟಿಯನ್ನು ಮ್ಯಾನೇಜರನ ಅಂಗೈಯಲ್ಲಿಟ್ಟ.

ಮಗಳು ತಾಯಿಯ ಸೆರಗು ಬಿಟ್ಟು ನಡೆದು ಹೋಗಿ ಅಪ್ಪನ ಎದುರು ನಿಂತಳು. ಈ ಸಲ ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಅಪ್ಪಾ, ಬೆಳಿಗ್ಗೆ ನಾನು ಕಿಟಕಿಯಿಂದ ನೋಡ್ದೆ. ಕ್ವಾರಿಗೆ ಇಳಿಯೋಕೆ ಭಯ ಆದ್ರೆ ಭಯ ಅಂತ ಹೇಳ್ಬಾರ್ದಾ? ಟೈರ್ ಯಾಕೆ ಚುಚ್ತೀಯ?"